ಕೊಸರು

ಬೂದನೂರು ದಾಟಿ, ನಾಲೆ ಏರಿಯ ಪಕ್ಕ
ನಮ್ಮ ಆಲೆಮನೆಯ ತೂಕದ ಕೋಣೆ.
ಹೊಗೆಗೆ ಹಳದಿಯಾದ ಒಂದೇ ಕಂಪ್ಯೂಟರು,
ಕೀಲಿಮಣೆಯ ಸಂದಿಯಲ್ಲಿ ಇರುವೆಗಳ ಸಂಸಾರ.
ಒಂಬತ್ತು ವರ್ಷದಿಂದ ಅದರೊಳಗೆ
ಪೈಥಾನ್ ಎರಡು ಪಾಯಿಂಟ್ ಏಳು.
ಗಾಡಿ ತೂಗಿ, ಖಾಲಿ ಗಾಡಿಯ ತೂಕ ಕಳೆದು,
ಹೊಲದವರಿಗೂ ಕೋರು ಮಾಡಿದವರಿಗೂ
ಸಮಪಾಲು ಬರೆದು ಚೀಟಿ ಕೊಡುವುದು ಅದರ ಕೆಲಸ.
ಬರೆದುಕೊಟ್ಟವರು ಇನಾಯತ್ ಮೇಷ್ಟ್ರು,
ಪಾಲಿಟೆಕ್ನಿಕ್ಕಿನಿಂದ ರಿಟೈರಾದ ಬೇಸಿಗೆಯಲ್ಲಿ,
ಒಂದು ಬುಟ್ಟಿ ಅಚ್ಚುಬೆಲ್ಲದ ಕೂಲಿಗೆ.

ಈ ಸಲ ರಸದ ಸಿಹಿ ಅಳೆಯುವ ಯಂತ್ರ ಬಂತು.
ಅದರ ಪ್ಯಾಕೇಜಿಗೋ ಮಡಿ ಹೆಚ್ಚು:
ಮೂರು ಪಾಯಿಂಟ್ ಹನ್ನೊಂದಕ್ಕಿಂತ ಕೆಳಗಿನವರ ಮನೆಯಲ್ಲಿ
ನೀರೂ ಮುಟ್ಟುವುದಿಲ್ಲ.
ಹೊಸದನ್ನು ಕೂರಿಸಿದೆ, ಹಳೆಯದು ಎದ್ದುಹೋಯಿತು.
ಒಂದೇ ಒಲೆಗೆ ಇಬ್ಬರು ಓರಗಿತ್ತಿಯರು,
ಒಬ್ಬಳ ಉಪ್ಪಿನ ಡಬ್ಬಿ ಇನ್ನೊಬ್ಬಳು ಎತ್ತಿಟ್ಟು
ಸಾರು ಕೆಟ್ಟ ಮೇಲೆ ಇಬ್ಬರೂ ಗಪ್‌ಚಿಪ್.

ಪೈಥಾನ್ ಎಂದು ಕೂಗಿದರೆ ಓಗೊಡುವುದು ಯಾರು?
ನಮ್ಮೂರಲ್ಲಿ ಕರಿಯಪ್ಪಾ ಎಂದರೆ ಮೂರು ಬಾಗಿಲು ತೆರೆಯುತ್ತವೆ.
ಅದಕ್ಕೇ ಮೇಗಲಮನೆ ಕರಿಯಪ್ಪ, ಕುಳ್ಳ ಕರಿಯಪ್ಪ,
ಎಮ್ಮೆ ಕಳಕೊಂಡ ಕರಿಯಪ್ಪ.
ಯಂತ್ರಕ್ಕೆ ಅಷ್ಟು ಲೋಕಜ್ಞಾನವಿಲ್ಲ.
ದಾರಿಯ ಪಟ್ಟಿಯಲ್ಲಿ ಮೊದಲು ಸಿಕ್ಕ ಬಾಗಿಲಿಗೆ
ಕಾಗದ ಎಸೆದು ನಡೆಯುತ್ತದೆ.

ಎರಡು ರಾತ್ರಿ ಕೂತೆ.
ಹೊರಗೆ ಕೊಪ್ಪರಿಗೆಯಲ್ಲಿ ಪಾಕ ಕುದಿಯುವ ಸದ್ದು.
ಒಳಗೂ ಹಾಗೇ, ಒಂದೊಂದಕ್ಕೆ ಒಂದೊಂದು ಕೊಪ್ಪರಿಗೆ,
ಒಂದರ ನೊರೆ ಇನ್ನೊಂದಕ್ಕೆ ಸಿಡಿಯದ ಹಾಗೆ
ನಡುವೆ ಗೋಡೆ.
ಯಾವ ಮನೆಗೆ ಯಾವ ಪೊಟ್ಟಣ, ಎಷ್ಟನೇ ಆವೃತ್ತಿ,
ಹಾಳೆಯಲ್ಲಿ ಬರೆದು ಗೋಡೆಗೂ ಅಂಟಿಸಿದೆ,
ದಿನಸಿ ಚೀಟಿಯಂತೆ.

ಅಲ್ಲಿಗೆ ಸುಮ್ಮನಿರಬಹುದಿತ್ತು.
ಚಪಲ.
ಮೇಷ್ಟ್ರ ಹಳೆಯ ಬರಹವನ್ನು ಹೊಸ ಮನೆಯಲ್ಲಿ ಓಡಿಸಿದೆ.
ಬಾಯಿ ಬಿಡಲು ಕಂಸ ಬೇಕೆಂದಿತು.
ಸಾಲು ಸಾಲಿಗೂ ಕಂಸ ತುಂಬಿದೆ,
ಮಥುರೆಯಲ್ಲಾದರೂ ಇದ್ದವನು ಒಬ್ಬನೇ.
ಆಮೇಲೆ ನಿನ್ನೆಯ ಚೀಟಿಗಳನ್ನು ಎರಡರಲ್ಲೂ ತೆಗೆದೆ.
ಏಳನ್ನು ಎರಡರಿಂದ ಭಾಗಿಸು ಎಂದರೆ
ಹಳೆಯದು ಮೂರು ಅನ್ನುತ್ತದೆ,
ಹೊಸದು ಮೂರೂವರೆ.

ಬೆಸ ತೂಕದ ಪ್ರತಿ ಲೋಡಿನಲ್ಲೂ
ಇಬ್ಬರ ಅರ್ಧರ್ಧ ಕಿಲೋ
ಯಾರ ಚೀಟಿಗೂ ಏರದೆ, ಯಾರೂ ಕೇಳದೆ,
ಒಂಬತ್ತು ವರ್ಷ ಸಂದಿಗೆ ಬಿದ್ದಿದೆ.
ಸಂತೆಯ ಸೊಪ್ಪಿನವಳೂ ಕೊಸರು ಕೊಡುತ್ತಾಳೆ.
ಇದು ಕೊಸರು ನುಂಗಿದೆ.

ಮೇಷ್ಟ್ರಿಗೆ ಫೋನು ಮಾಡಿದೆ.
ಬಹಳ ಹೊತ್ತು ಕೆಮ್ಮಿದರು, ಅರ್ಧ ನಗು ಇತ್ತು ಅದರಲ್ಲಿ.
‘ಗೊತ್ತಿತ್ತು ಕಣಮ್ಮ. ಅರ್ಧ ಕಿಲೋಗೆ ಅಣ್ಣತಮ್ಮಂದ್ರು
ಕೊಡಲಿ ಹಿಡಿದಿದ್ದು ನೋಡಿದ್ದೆ.
ಚುಕ್ಕಿ ಕಾಣದಿದ್ರೆ ಜಗಳ ಇಲ್ಲ ಅಂತ ಹಂಗೇ ಬಿಟ್ಟೆ.’
ಸ್ವಲ್ಪ ಸುಮ್ಮನಿದ್ದು,
‘ಬಿಡಬಾರದಿತ್ತೇನೋ’ ಅಂದರು.

ಬೆಳಿಗ್ಗೆ ಮೊದಲ ಲೋಡು ಕೆಂಪಾಜಮ್ಮನದು,
ಜೊತೆಗೆ ಕೋರುದಾರ ಬೋರಲಿಂಗ.
ಮೂರು ಸಾವಿರದ ಐನೂರ ನಲವತ್ತೊಂದು.
ಎರಡೂ ಕಿಟಕಿ ತೆರೆದು ತೋರಿಸಿದೆ.
‘ಯಾವ್ದವ್ವ ದಿಟ?’
ಎರಡೂ ದಿಟವೇ, ಅವರವರ ಮನೆಯಲ್ಲಿ, ಅಂದೆ.
ಅವಳು ನನ್ನ ಮುಖವನ್ನೇ ನೋಡಿದಳು,
ತಲೆ ಕೆಟ್ಟವರನ್ನು ನೋಡುವ ಹಾಗೆ.
ಆಮೇಲೆ ಟ್ರೇಲರಿನಿಂದ ಒಂದು ಜಲ್ಲೆ ಸೆಳೆದು
‘ಈಗ ತೂಗು’ ಅಂದಳು.

ನಲವತ್ತು.
ಸಾವಿರದ ಏಳುನೂರ ಎಪ್ಪತ್ತು, ಎರಡೂ ಒಪ್ಪಿದವು.
ಹೊಸದು ಮಾತ್ರ ಕೊನೆಗೆ ಚುಕ್ಕಿ ಇಟ್ಟು
ಪಕ್ಕದಲ್ಲೊಂದು ಸೊನ್ನೆ ಸುತ್ತಿತು,
ಕೈ ಬರಿದೆಂದು ಬಿಡಿಸಿ ತೋರಿಸುವವರಂತೆ.

ಕೆಂಪಾಜಮ್ಮ ಜಲ್ಲೆಯನ್ನು ಮಂಡಿಗೆ ಕೊಟ್ಟು
ಮೂರು ತುಂಡು ಮಾಡಿದಳು.
ಬುಡ ಅವಳಿಗೆ, ನಡು ಬೋರಲಿಂಗನಿಗೆ.
ನನ್ನ ಪಾಲಿಗೆ ತುದಿ.
ಸ್ವಲ್ಪ ಸಪ್ಪೆ.